ರೈತನೂ ಹಕ್ಕಿಯ ಲೆಕ್ಕವೂ

ಪೈರಿನ ಮೇಲೆ ಹಕ್ಕಿಯು ಇಳಿದುದನ್ನು ಕಂಡೊಡನೆ ಕವಣೆಗೆ ಕಲ್ಲನ್ನು ಹೂಡುವುದು ರೈತನಿಗೆ ತಲೆತಲಾಂತರದಿಂದ ಬಂದ ವಾಡಿಕೆಯಾಗಿದೆ. ಆ ಹಕ್ಕಿಯು ತೆನೆಯನ್ನು ತಿನ್ನಲು ಇಳಿಯಿತೋ ತೆನೆಯಲ್ಲಿರುವ ಹುಳುವನ್ನು ತಿನ್ನಲು ಇಳಿಯಿತೋ ಎಂದು ವಿಚಾರಿಸುವಷ್ಟು ವ್ಯವಧಾನವು ಆ ಹೊತ್ತಿನಲ್ಲಿ ಅವನಿಗೆ ಇರುವುದಿಲ್ಲ. ಇದಕ್ಕಾಗಿ ಅವನನ್ನು ದೂರುವುದು ನ್ಯಾಯವಲ್ಲ. ಮಳೆಯನ್ನು ನಂಬಿ, ಸಾಲವನ್ನು ಮಾಡಿ, ನಾಲ್ಕು ತಿಂಗಳು ದುಡಿದು ಬೆಳೆಸಿದ ಫಸಲನ್ನು ಕಾಯುವುದು ಅವನ ಕರ್ತವ್ಯವಾಗಿದೆ. ಆದರೆ ಕಾಯತಕ್ಕವನಿಗೆ ಕಳ್ಳನಾರು, ಕಾವಲಿನವನಾರು ಎಂಬುದು ಗೊತ್ತಿರಬೇಡವೆ? ಕತ್ತಲೆಯಲ್ಲಿ ಕೋಲು ಬೀಸುವವನು ಎಷ್ಟೋ ಸಲ ತನ್ನ ಮನೆಯ ನಾಯಿಗೇ ಹೊಡೆಯುತ್ತಾನೆ.

ಪಟ್ಟಣದ ಕೆಲವರು ರಜದ ದಿನ ಬೆಳಗ್ಗೆ ಎದ್ದು, ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಉದ್ಯಾನಗಳಲ್ಲಿ ಹಕ್ಕಿಗಳನ್ನು ನೋಡುತ್ತ ಅಲೆಯುವುದುಂಟು. ಹಳ್ಳಿಯವರು ಇದನ್ನು ಕಂಡರೆ, ಕೆಲಸವಿಲ್ಲದವರ ವಿನೋದವೆಂದು ನಗುವರು. ಹಾಗೆ ನಗುವುದಕ್ಕೆ ಮುಂಚೆ, ಆ ವಿನೋದದಲ್ಲಿ ತಮ್ಮ ಹೊಲಕ್ಕೆ ಉಪಯೋಗವಾಗತಕ್ಕ ಅಂಶವು ಯಾವುದಾದರೂ ಇದೆಯೇ ಎಂದು ಆಲೋಚಿಸುವುದು ಒಳ್ಳೆಯದು. ವರ್ಷಕ್ಕೆ ಒಂದು ದಿನವಾದರೂ ಪ್ರತಿಯೊಬ್ಬ ಬೇಸಾಯಗಾರನೂ ಕುಳಿತು ಹಕ್ಕಿಗಳನ್ನು ನೋಡಿ, ಕಂಡುದನ್ನು ಲೆಕ್ಕವಾಗಿ ಬರೆದಿಡಬೇಕೆಂದೂ, ಪಟ್ಟಣದವರ ಲೆಕ್ಕದಲ್ಲಿ ಇಲ್ಲದ ಒಂದು ಮುಖ್ಯ ವಿಷಯವನ್ನು ರೈತನೇ ಅದಕ್ಕೆ ಸೇರಿಸಬಲ್ಲನೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು

ಶ್ರೀನಿವಾಸಪುರದ ಕಡೆಯ ಒಬ್ಬ ರೈತನು ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿರುವ ಮಗಳ ಮನೆಗೆ ಬಂದನೆಂದು ಇಟ್ಟುಕೊಳ್ಳಬಹುದು. ಎರಡು ಎಕರೆ ಮಾವಿನ ತೋಪು, ಒಂದಿಷ್ಟು ಟೊಮ್ಯಾಟೊ, ಮಳೆ ಬಂದರೆ ರಾಗಿ ಮತ್ತು ಅವರೆ, ಇವು ಅವನ ಬೇಸಾಯ. ಇಂತಹವರು ಕೋಲಾರ ಜಿಲ್ಲೆಯಲ್ಲಿ ಸಾವಿರಾರು ಮಂದಿ ಇರುವುದರಿಂದ ಅವನ ಹೆಸರನ್ನು ಹೇಳಬೇಕಾದುದಿಲ್ಲ. ಅವನ ಮೊಮ್ಮಗಳು ಶಾಲೆಯಲ್ಲಿ ಓದುವ ಹುಡುಗಿ. ಪ್ರತಿ ಫೆಬ್ರವರಿಯ ನಡುವೆ ನಾಲ್ಕು ದಿನ ನಡೆಯುವ ಹಕ್ಕಿಗಳ ಎಣಿಕೆಯಲ್ಲಿ ಅವಳ ಶಾಲೆಯ ಮಕ್ಕಳೂ ಸೇರಿದ್ದಾರೆ. ಈ ಎಣಿಕೆಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯವೂ ಆಡುಬಾನ್ ಸಂಘವೂ ಕೂಡಿ 1998ರಲ್ಲಿ ಪ್ರಾರಂಭಿಸಿದುವು. ಭಾರತದವರು ಅದರಲ್ಲಿ 2013ರಿಂದ ಭಾಗಿಗಳಾಗಿದ್ದಾರೆ. ನಿಯಮವು ಬಹು ಸರಳ: ಒಂದು ಜಾಗದಲ್ಲಿ ಹದಿನೈದು ನಿಮಿಷಕ್ಕೆ ಕಡಮೆಯಿಲ್ಲದೆ ನಿಂತು, ಕಂಡ ಹಕ್ಕಿ ಯಾವುದು, ಎಷ್ಟು ಎಂದು ಬರೆದು ಒಪ್ಪಿಸಬೇಕು. ಉದ್ಯಾನವಾದರೂ ಸರಿ, ಮನೆಯ ಹಿತ್ತಿಲಾದರೂ ಸರಿ.

ತಾತನೂ ಮೊಮ್ಮಗಳೂ ಸೂರ್ಯೋದಯದ ಹೊತ್ತಿಗೆ ಲಾಲ್‌ಬಾಗಿನ ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕರು. ಈ ತೋಟವು 1760ರಲ್ಲಿ ಹೈದರ್ ಅಲಿಯ ಕಾಲದಲ್ಲಿ ಮೊದಲಾಗಿ, ಈಗ ಸುಮಾರು 240 ಎಕರೆಗಳಷ್ಟು ಹರಡಿಕೊಂಡು, ತೋಟಗಾರಿಕೆ ಇಲಾಖೆಯ ಪಾಲನೆಯಲ್ಲಿದೆ. 1889ರಲ್ಲಿ ಕಟ್ಟಿದ ಗಾಜಿನ ಮನೆಯನ್ನೂ ಅಲ್ಲಿನ ಫಲಪುಷ್ಪ ಪ್ರದರ್ಶನವನ್ನೂ ರೈತನು ಹಿಂದೆ ನೋಡಿದ್ದನು. ಹಕ್ಕಿಯನ್ನು ನೋಡಲೆಂದೇ ಅಲ್ಲಿಗೆ ಬಂದುದು ಇದೇ ಮೊದಲು.

ಎಲೆಯುದುರಿಸಿ ಕೆಂಪು ಹೂಗಳನ್ನು ಬಿಟ್ಟಿದ್ದ ಬೂರುಗದ ಮರವೊಂದರಲ್ಲಿ ಸಂತೆಯಷ್ಟು ಗದ್ದಲವಿತ್ತು. ಗೊರವಂಕಗಳೂ ಕಾಗೆಗಳೂ ಹೂವಿನೊಳಕ್ಕೆ ಕೊಕ್ಕಿಟ್ಟು ಮಕರಂದವನ್ನು ಹೀರುತ್ತಿದ್ದುವು. ಹೊರಬಂದಾಗ ಅವುಗಳ ಮುಖಕ್ಕೆ ಪರಾಗವು ಮೆತ್ತಿರುತ್ತಿತ್ತು. ಅದೇ ಮರದ ತುದಿಯಲ್ಲಿ ಬೂದು ಬಣ್ಣದ ಕಾಜಾಣವೊಂದು ಕುಳಿತು, ಹೂವಿಗೆ ಬಂದ ನೊಣಗಳನ್ನು ಗಾಳಿಯಲ್ಲಿಯೇ ಹಿಡಿದು ಮತ್ತೆ ತನ್ನ ಕೊಂಬೆಗೆ ಹಿಂದಿರುಗುತ್ತಿದ್ದಿತು. ಹುಡುಗಿಯು ಪುಸ್ತಕದಲ್ಲಿ ಎರಡು ಅಂಕಣಗಳನ್ನು ಎಳೆದು, ಒಂದರಲ್ಲಿ ಹೆಸರನ್ನೂ ಇನ್ನೊಂದರಲ್ಲಿ ಸಂಖ್ಯೆಯನ್ನೂ ಬರೆಯುತ್ತಿದ್ದಳು. ರೈತನು ಸ್ವಲ್ಪ ಹೊತ್ತು ಅದನ್ನು ನೋಡಿದನು.

“ಎಷ್ಟಿತ್ತು ಅಂತ ಬರೆದೆಯಲ್ಲ ಮಗು, ಅದು ಏನು ತಿಂದಿತು ಅಂತ ಬರೆಯಬೇಡವೆ?”

“ಅದನ್ನು ಯಾರೂ ಕೇಳಿಲ್ಲ ತಾತ. ಯಾವುದು, ಎಷ್ಟು, ಇಷ್ಟಾದರೆ ಸಾಕು ಅಂತ ಮೇಷ್ಟರು ಹೇಳಿದ್ದಾರೆ.”

“ನಿಮ್ಮ ಮೇಷ್ಟರಿಗೆ ಸಾಕು. ನನಗೆ ಸಾಲದು. ಇನ್ನೊಂದು ಗೆರೆ ಎಳಿ.”

ಹೀಗೆ ಆ ಪುಸ್ತಕದಲ್ಲಿ ಮೂರನೆಯ ಅಂಕಣವು ಹುಟ್ಟಿತು. ಅದು ಕೇವಲ ಹಟದಿಂದ ಹುಟ್ಟಿದುದಲ್ಲ. ಹಕ್ಕಿಯ ಅಂದವನ್ನು ನೋಡುವವನಿಗೆ ಅದರ ಹೆಸರು ಸಾಕು. ಅದರ ಸಂತತಿಯು ಉಳಿಯಿತೋ ಅಳಿಯಿತೋ ಎಂದು ವಿಚಾರಿಸುವ ಶಾಸ್ತ್ರಜ್ಞನಿಗೆ ಸಂಖ್ಯೆಯೂ ಬೇಕು. ಹೊಲದ ಒಡೆಯನಿಗಾದರೋ ಅದರ ಆಹಾರವೇನೆಂಬುದೇ ಮುಖ್ಯ.

ಅಲ್ಲಿಂದ ಮುಂದೆ ಇಬ್ಬರೂ ನಿಧಾನವಾಗಿ ನಡೆದರು. ಆಲದ ಜಾತಿಯ ಮರದಲ್ಲಿ ಕುಟ್ರು ಹಕ್ಕಿಗಳು ಹಣ್ಣನ್ನು ನುಂಗುತ್ತಿದ್ದುವು. ಅವುಗಳ ಹಿಕ್ಕೆಯಲ್ಲಿ ಬೀಜಗಳು ಬಿದ್ದು ಗೋಡೆಯ ಬಿರುಕಿನಲ್ಲಿಯೂ ಬೇರೆ ಮರದ ಕವಲಿನಲ್ಲಿಯೂ ಸಸಿಗಳಾಗುವುದು ಎಲ್ಲರೂ ಬಲ್ಲ ಸಂಗತಿ. ಶ್ರೀಗಂಧದ ಬೀಜವನ್ನು ಕಾಡಿನಲ್ಲಿಯೂ ಬೇಲಿಯಲ್ಲಿಯೂ ಹರಡುವುವು ಇಂತಹ ಹಣ್ಣು ತಿನ್ನುವ ಹಕ್ಕಿಗಳೇ. ಹುಲ್ಲುಹಾಸಿನ ಮೇಲೆ ಗೋವಕ್ಕಿಗಳು ಹೆಜ್ಜೆಯಿಟ್ಟು ನಡೆಯುತ್ತ ಮಿಡತೆಗಳನ್ನು ಹೆಕ್ಕುತ್ತಿದ್ದುವು. ಮರದ ಎಲೆಗಳ ನಡುವೆ ಹೆಬ್ಬೆರಳಿನ ಗಾತ್ರದ ಉಲಿಯಕ್ಕಿಯೊಂದು ಕ್ಷಣವೂ ಸುಮ್ಮನಿರದೆ ಎಲೆಯ ಕೆಳಗಿನ ಸಣ್ಣ ಹುಳುಗಳನ್ನು ಆರಿಸುತ್ತಿತ್ತು. ಅದು ಚಳಿಗಾಲಕ್ಕೆ ದೂರದ ಉತ್ತರ ದೇಶದಿಂದ ಇಲ್ಲಿಗೆ ಬಂದು, ಬೇಸಗೆಯಲ್ಲಿ ಹಿಂದಿರುಗತಕ್ಕ ಪಕ್ಷಿ. ಇಷ್ಟು ದೂರ ಹಾರಿ ಬರುವ ಜೀವಕ್ಕೆ ಕೂಲಿ ಕೊಡುವವರಿಲ್ಲ. ಆದರೂ ಅದು ದಿನವೆಲ್ಲಾ ದುಡಿಯುತ್ತದೆ.

ಕೆರೆಯ ಏರಿಯ ಮೇಲಿನಿಂದ ನೀರುಕಾಗೆಗಳೂ ಕೊಳದ ಬಕಗಳೂ ನೇರಳೆ ಬಣ್ಣದ ಜಂಬುಕೋಳಿಗಳೂ ಕಂಡುವು. ಬಿಳಿ ಎದೆಯ ಮಿಂಚುಳ್ಳಿಯೊಂದು ನೀರಿನ ಕಡೆಗೆ ಬೆನ್ನು ಮಾಡಿ, ಹುಲ್ಲಿನ ಕಡೆಗೆ ನೋಡುತ್ತ ಕುಳಿತಿತ್ತು. ಮಿಂಚುಳ್ಳಿಯು ಮೀನನ್ನು ಬಿಟ್ಟು ಬೇರೇನನ್ನೂ ತಿನ್ನದೆಂದು ತಿಳಿದಿದ್ದ ರೈತನಿಗೆ, ಅದು ಹುಲ್ಲಿಗೆ ಎರಗಿ ಮಿಡತೆಯೊಂದನ್ನು ಕಚ್ಚಿಕೊಂಡು ಬಂದುದನ್ನು ನೋಡಿ ಆಶ್ಚರ್ಯವಾಯಿತು. ಈ ಜಾತಿಯ ಮಿಂಚುಳ್ಳಿಯು ನೀರಿಲ್ಲದ ಹೊಲಗಳಲ್ಲಿಯೂ ಬಾಳುತ್ತದೆ. ಅವನ ಊರಿನ ತಂತಿಯ ಮೇಲೆಯೂ ಅದು ಕುಳಿತುಕೊಳ್ಳುತ್ತಿತ್ತು. ಅರುವತ್ತು ವರ್ಷ ಅದನ್ನು ಕಂಡಿದ್ದರೂ ಅವನು ನೋಡಿರಲಿಲ್ಲ.

ಹಿತ್ತಿಲಿನಲ್ಲಿ ಮಧ್ಯಾಹ್ನ

ಬಿಸಿಲೇರಿದ ಮೇಲೆ ಇಬ್ಬರೂ ಮನೆಗೆ ಬಂದು, ಊಟ ಮುಗಿಸಿ, ಹಿತ್ತಿಲಿನ ಜಗಲಿಯ ಮೇಲೆ ಕುಳಿತರು. ಆ ಹಿತ್ತಿಲು ದೊಡ್ಡದೇನೂ ಅಲ್ಲ. ಒಂದು ನುಗ್ಗೆ, ಒಂದು ಸೀಬೆ, ಕರಿಬೇವು, ಎರಡು ದಾಸವಾಳ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನಾಲ್ಕು ಬಾಳೆ, ಗೋಡೆಯಾಚೆ ಗಸಗಸೆ ಹಣ್ಣಿನ ಮರ. ಇಷ್ಟರಲ್ಲಿಯೇ ಮೂರನೆಯ ಅಂಕಣವು ತುಂಬತೊಡಗಿತು.

ದಾಸವಾಳದಲ್ಲಿ ಸೂರಕ್ಕಿಯು ಹೂವಿನಿಂದ ಹೂವಿಗೆ ಹಾರಿ ಮಕರಂದವನ್ನು ಹೀರಿತು; ನಡುನಡುವೆ ಜೇಡವನ್ನೂ ಹಿಡಿಯಿತು. ಟುವ್ವಿ ಹಕ್ಕಿಯು ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತಪಾಸಣೆ ಮಾಡಿ ಹಸಿರು ಹುಳುವೊಂದನ್ನು ಎಳೆದುಕೊಂಡಿತು. ಹರಟೆಮಲ್ಲಗಳ ಗುಂಪು ಬಾಳೆಯ ಬುಡದಲ್ಲಿ ಇಳಿದು ಒಣ ಎಲೆಗಳನ್ನು ಮಗುಚಿ ಹಾಕುತ್ತ ಗಲಾಟೆ ಮಾಡಿತು. ಕೆಂಬೂತವು ಗೋಡೆಯ ಮೇಲೆ ಬಂದು, ಬಾಳೆಯ ಕಡೆಗೆ ಇಳಿದು, ಬಸವನಹುಳುವೊಂದನ್ನು ಎತ್ತಿಕೊಂಡು ಹೋಯಿತು. ಇದೆಲ್ಲವನ್ನೂ ಜಮೆಯ ಕಡೆಗೆ ಬರೆಯಬೇಕೆಂದು ರೈತನು ಹೇಳಿದನು.

ಬಳಿಕ ಖರ್ಚಿನ ಕಡೆಯೂ ಬಂದಿತು. ಕೆಮ್ಮೀಸೆ ಪಿಕಳಾರವು ಸೀಬೆಯ ಹಣ್ಣನ್ನು ತೂತು ಮಾಡಿತು. ಮೂರು ಗಿಣಿಗಳು ಕಾಯನ್ನು ಕಚ್ಚಿ, ಅರ್ಧ ತಿಂದು, ಅರ್ಧ ಕೆಳಕ್ಕೆ ಬಿಸುಟವು. ಗಸಗಸೆ ಮರದಲ್ಲಿ ಬದನಿಕೆ ಹಕ್ಕಿಯು ಟಿಕ್ ಟಿಕ್ ಎನ್ನುತ್ತ ಹಣ್ಣನ್ನು ತಿನ್ನುತ್ತಿತ್ತು. ಹುಡುಗಿಯು ಅದನ್ನು ಬಹಳ ಮುದ್ದಾದ ಹಕ್ಕಿಯೆಂದಳು. ರೈತನ ಮುಖವು ಸಪ್ಪಗಾಯಿತು. ಆ ಹಕ್ಕಿಗೆ ಬದನಿಕೆ ಹಕ್ಕಿ ಎಂದು ಹೆಸರು ಬಂದುದು ಸುಮ್ಮನೆ ಅಲ್ಲ. ಮಾವಿನ ಮರದ ಕೊಂಬೆಗೆ ಬೇರೂರಿ ಅದರ ಸಾರವನ್ನು ಹೀರುವ ಬದನಿಕೆಯ ಹಣ್ಣೇ ಅದಕ್ಕೆ ಪ್ರಿಯವಾದ ಆಹಾರ. ಅಂಟುಳ್ಳ ಬೀಜವನ್ನು ಅದು ಕೊಂಬೆಯ ಮೇಲೆ ವಿಸರ್ಜಿಸಿದಾಗ ಅಲ್ಲಿಯೇ ಮೊಳಕೆಯೊಡೆದು ಹೊಸ ಬದನಿಕೆಯಾಗುತ್ತದೆ. ಶ್ರೀನಿವಾಸಪುರದ ತೋಪಿನಲ್ಲಿ ಬದನಿಕೆ ಹಿಡಿದು ಒಣಗಿದ ಕೊಂಬೆಗಳು ಅವನ ಕಣ್ಣಿನ ಮುಂದೆ ಬಂದುವು. ಆದರೂ ಆ ತಪ್ಪಿನಲ್ಲಿ ತೋಪಿನ ಒಡೆಯನ ಪಾಲೂ ಉಂಟು. ಬದನಿಕೆಯು ಹಣ್ಣು ಬಿಡುವುದಕ್ಕೆ ಮುಂಚೆಯೇ, ಅದು ಕಚ್ಚಿಕೊಂಡ ಜಾಗಕ್ಕಿಂತ ಸ್ವಲ್ಪ ಕೆಳಗೆ ಕೊಂಬೆಯನ್ನು ಕತ್ತರಿಸಿ ಹಾಕಿದರೆ, ಹಕ್ಕಿಗೆ ಹರಡಲು ಬೀಜವೇ ಸಿಕ್ಕುವುದಿಲ್ಲ. ಹಕ್ಕಿಯನ್ನು ಹೊಡೆದರೆ ಮಾತ್ರ ಬದನಿಕೆಯು ಹೋಗುವುದಿಲ್ಲ.

ಸಂಜೆಯಾಗುತ್ತಲೇ ಪಕ್ಕದ ಮನೆಯ ಹಳೆಯ ಮಾವಿನ ಮರದ ಪೊಟರೆಯಿಂದ ಹಾಲಕ್ಕಿಯೊಂದು ಹೊರಗೆ ಬಂದು, ತಲೆಯನ್ನು ತೂಗಿ, ಇಬ್ಬರನ್ನೂ ದಿಟ್ಟಿಸಿ ನೋಡಿತು. ಮನೆಯೊಳಗಿನಿಂದ ಮಗಳು, ಅದು ಕೂಗಿದರೆ ಅಪಶಕುನವೆಂದೂ ಓಡಿಸಬೇಕೆಂದೂ ಹೇಳಿದಳು. ಹಾಲಕ್ಕಿಯು ಅಷ್ಟರಲ್ಲಿ ಬೀದಿಯ ದೀಪದ ಬಳಿಗೆ ಹಾರಿ ದುಂಬಿಯೊಂದನ್ನು ಹಿಡಿದುಕೊಂಡಿತು. ಹುಡುಗಿಯು ಅದನ್ನೂ ಬರೆದಳು. ಆ ದಿನದ ಲೆಕ್ಕವು ಅಲ್ಲಿಗೆ ಮುಗಿಯಿತು.

ಲೆಕ್ಕದಿಂದ ತಿಳಿಯುವುದೇನು

ಒಂದು ದಿನದ ನೋಟದಿಂದ ಸಿದ್ಧಾಂತವನ್ನು ಕಟ್ಟುವುದು ಸಲ್ಲದು. ಆದರೆ ಆ ರೈತನು ಕಂಡ ಸಂಗತಿಗಳಿಗೆ ಶಾಸ್ತ್ರದ ಆಧಾರವೂ ಉಂಟು. ಬಿಹಾರದ ಪೂಸಾದಲ್ಲಿದ್ದ ವ್ಯವಸಾಯ ಸಂಶೋಧನಾ ಸಂಸ್ಥೆಯಲ್ಲಿ ಮೇಸನ್ ಮತ್ತು ಲೆಫ್ರಾಯ್ ಎಂಬವರು ಹಕ್ಕಿಗಳ ಜಠರದಲ್ಲಿ ಸಿಕ್ಕಿದ ಆಹಾರವನ್ನು ಪರೀಕ್ಷಿಸಿ, ಭಾರತದ ಪಕ್ಷಿಗಳ ಆಹಾರವನ್ನು ಕುರಿತ ತಮ್ಮ ಗ್ರಂಥವನ್ನು 1912ರಲ್ಲಿಯೇ ಪ್ರಕಟಿಸಿದರು. ಹಕ್ಕಿಗಳನ್ನು ಮಿತ್ರ, ಶತ್ರು ಎಂದು ಎರಡೇ ಪಂಗಡವಾಗಿ ಮಾಡುವುದು ಸುಲಭವಲ್ಲವೆಂಬುದು ಇಂತಹ ಪರೀಕ್ಷೆಗಳಿಂದ ಸ್ಪಷ್ಟವಾಗುತ್ತದೆ. ಕಾಳು ತಿನ್ನುವ ಗುಬ್ಬಚ್ಚಿಯೂ ಗೀಜಗವೂ ತಮ್ಮ ಮರಿಗಳಿಗೆ ಹುಳುಗಳನ್ನು ತಂದುಕೊಡುತ್ತವೆ. ಹುಳುವನ್ನು ತಿನ್ನುವ ಗೊರವಂಕವು ಹಣ್ಣಿನ ಕಾಲದಲ್ಲಿ ತೋಟಕ್ಕೆ ನುಗ್ಗುತ್ತದೆ. ಹಾರುವ ಕೀಟಗಳನ್ನು ಹಿಡಿಯುವ ಕಳ್ಳಿಪೀರವು ಜೇನುಪೆಟ್ಟಿಗೆಯ ಬಳಿ ಕುಳಿತರೆ ಜೇನುಸಾಕಣೆಯವನಿಗೆ ನಷ್ಟ. ಒಂದೇ ಹಕ್ಕಿಯು ಒಂದು ತಿಂಗಳು ಕೂಲಿಯಾಳು, ಇನ್ನೊಂದು ತಿಂಗಳು ಕಳ್ಳ. ಆದುದರಿಂದ ಯಾವ ಕಾಲದಲ್ಲಿ, ಯಾವ ಬೆಳೆಯಲ್ಲಿ, ಏನನ್ನು ತಿಂದಿತು ಎಂಬ ಲೆಕ್ಕವಿಲ್ಲದೆ ತೀರ್ಪು ಕೊಡಲಾಗದು.

ಹಿಂದಿನವರು ಶಾಸ್ತ್ರವನ್ನು ಓದದಿದ್ದರೂ ಈ ಲೆಕ್ಕವನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಹೊಲದ ತುಂಬ ಚರಗವನ್ನು ಚೆಲ್ಲುತ್ತಾರೆ. ಅದು ಕಡಲೆಯೂ ಜೋಳವೂ ನಿಂತಿರುವ ಕಾಲ. ಚರಗವನ್ನು ತಿನ್ನಲು ಬಂದ ಹಕ್ಕಿಯು ಕಡಲೆಯ ಕಾಯಿಕೊರಕ ಹುಳುವನ್ನೂ ಕಂಡು ತಿನ್ನುತ್ತದೆ. ಈಗಲೂ ಕಡಲೆ ಮತ್ತು ತೊಗರಿಯ ಹೊಲಗಳಲ್ಲಿ ಮಂಡಕ್ಕಿಯನ್ನು ಎರಚಿ ಹಕ್ಕಿಗಳನ್ನು ಕರೆಯುವ ಪದ್ಧತಿಯು ಉಂಟು. ಎಕರೆಗೆ ಹತ್ತರಿಂದ ಇಪ್ಪತ್ತು ಕವಲುಕೋಲುಗಳನ್ನು ಪೈರಿಗಿಂತ ಎತ್ತರವಾಗಿ ನೆಟ್ಟು, ಕಾಜಾಣಕ್ಕೂ ಗೊರವಂಕಕ್ಕೂ ಕೂರಲು ಆಸರೆ ಕೊಡಬೇಕೆಂಬುದು ಕೀಟ ಹತೋಟಿಯ ಸಲಹೆಗಳಲ್ಲಿ ಒಂದಾಗಿದೆ. ಟೊಮ್ಯಾಟೊವಿನ ಹಣ್ಣನ್ನು ಕೊರೆಯುವ ಹುಳುವೂ ಕಡಲೆಯ ಕಾಯಿಕೊರಕವೂ ಒಂದೇ ಜಾತಿಯವು. ಭತ್ತ ಮುಂತಾದ ಕಾಳಿನ ಪೈರುಗಳಲ್ಲಿ ಮಾತ್ರ ತೆನೆಗೆ ಹಾಲು ತುಂಬುವ ಹೊತ್ತಿಗೆ ಕೋಲುಗಳನ್ನು ಕಿತ್ತುಹಾಕಬೇಕು. ಇಲ್ಲವಾದರೆ ಕಾವಲಿನವನಿಗೆ ಹಾಕಿದ ಮಣೆಯ ಮೇಲೆ ಕಳ್ಳನು ಬಂದು ಕೂರುವನು.

ಮಾಗಿ ಉಳುಮೆಯ ವಿಷಯವೂ ಹೀಗೆಯೇ. ಹಗಲು ಹೊತ್ತಿನಲ್ಲಿ ಉತ್ತರೆ, ಮಣ್ಣಿನೊಳಗೆ ಅಡಗಿರುವ ಕಂಬಳಿಹುಳುವಿನ ಕೋಶಗಳೂ ಗೊಣ್ಣೆಹುಳುಗಳೂ ಮೇಲಕ್ಕೆ ಬಂದು ಗೋವಕ್ಕಿಗಳ ಪಾಲಾಗುತ್ತವೆ. ನೇಗಿಲಿನ ಹಿಂದೆ ನಡೆಯುತ್ತಿದ್ದ ಗೋವಕ್ಕಿಗಳು ಈಗ ಟ್ರಾಕ್ಟರಿನ ಹಿಂದೆ ನಡೆಯುತ್ತವೆ. ಯಂತ್ರವು ಬದಲಾದರೂ ಅವು ತಮ್ಮ ಕೆಲಸವನ್ನು ಬಿಟ್ಟಿಲ್ಲ.

ಇಲಿಗಳ ವಿಚಾರದಲ್ಲಿ ಗೂಬೆಯ ಉಪಕಾರವು ಇನ್ನೂ ದೊಡ್ಡದು. ಮಲೇಷ್ಯಾದ ತಾಳೆಎಣ್ಣೆಯ ತೋಟಗಳಲ್ಲಿ ಇಲಿಗಳ ಹಾವಳಿಯನ್ನು ತಗ್ಗಿಸಲು ಕಣಜದ ಗೂಬೆಗಳಿಗೆಂದೇ ಮರದ ಪೆಟ್ಟಿಗೆಗಳನ್ನು ಕಂಬದ ಮೇಲೆ ಕಟ್ಟಿಸಿದ್ದಾರೆ. ಇಲ್ಲಿಯಾದರೋ ಅದನ್ನು ಅಪಶಕುನವೆಂದು ಓಡಿಸಿ, ಇಲಿಗೆ ಪಾಷಾಣವನ್ನು ಇಡುವುದು ರೂಢಿ. ಪಾಷಾಣವನ್ನು ತಿಂದ ಇಲಿಯನ್ನು ಗೂಬೆಯು ತಿಂದರೆ ಅದೂ ಸಾಯಬಹುದು. ಒಂದೇ ಖರ್ಚಿನಲ್ಲಿ ರೈತನು ಇಲಿಯನ್ನೂ ಇಲಿಯ ಶತ್ರುವನ್ನೂ ಕೊಂದಂತಾಗುವುದು. ಉಳಿದ ಇಲಿಗಳು ನಿರ್ಭಯವಾಗಿ ಮರಿ ಹಾಕುವುವು.

ಲೆಕ್ಕವಿಲ್ಲದೆ ಕಳೆದುಕೊಂಡುದು

ಹಕ್ಕಿಗಳನ್ನು ಎಣಿಸದೆ ಇದ್ದರೆ ಆಗುವ ನಷ್ಟವೇನು ಎಂದು ಕೇಳುವವರಿಗೆ ರಣಹದ್ದಿನ ಕಥೆಯನ್ನು ಹೇಳಬೇಕು. ಒಂದು ಕಾಲಕ್ಕೆ ದನ ಸತ್ತರೆ ಊರ ಹೊರಗೆ ಹಾಕಿದ ಹೊತ್ತಿನೊಳಗೆ ಅವುಗಳು ಬಂದು ಮೂಳೆಯನ್ನಷ್ಟೇ ಉಳಿಸುತ್ತಿದ್ದುವು. 1990ರ ದಶಕದಲ್ಲಿ ಅವುಗಳು ಕಾಣೆಯಾಗತೊಡಗಿದುವು. ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಹದಿನೈದು ವರ್ಷಗಳೊಳಗೆ ನಾಶವಾದುವು. ಕಾರಣವು ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೆಂದು 2004ರಲ್ಲಿ ಪ್ರಕಟವಾಯಿತು. ದನಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರವು 2006ರಲ್ಲಿ ನಿಷೇಧಿಸಿತು. ಔಷಧವನ್ನು ಕೊಟ್ಟ ರೈತನಿಗೆ ಹದ್ದಿನ ಮೇಲೆ ದ್ವೇಷವಿರಲಿಲ್ಲ. ತನ್ನ ಎತ್ತಿನ ಕಾಲು ನೋವು ವಾಸಿಯಾಗಲೆಂದು ಕೊಟ್ಟನು. ಊರೂರಿನಲ್ಲಿ ವರ್ಷ ವರ್ಷವೂ ಎಣಿಸಿ ಬರೆಯುವವರು ಇದ್ದಿದ್ದರೆ ಆಪತ್ತು ಇನ್ನೂ ಮೊದಲೇ ಗೊತ್ತಾಗುತ್ತಿತ್ತು. ಈಗ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದಿನ ಧಾಮವೆಂದು ಘೋಷಿಸಿ, ಉಳಿದಿರುವ ಕೆಲವನ್ನು ಕಾಪಾಡಲು ಹೆಣಗಬೇಕಾಗಿದೆ.

ಹಕ್ಕಿಯನ್ನು ತಪ್ಪು ಲೆಕ್ಕದಿಂದ ಕೊಂದ ದೇಶವೂ ಉಂಟು. ಚೀನಾದಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆಗಳ ಜೊತೆಗೆ ಗುಬ್ಬಚ್ಚಿಯನ್ನೂ ಶತ್ರುವೆಂದು ಸಾರಿ, ಜನರೆಲ್ಲ ತಟ್ಟೆ ಬಡಿದು ಅವುಗಳನ್ನು ಕೂರಗೊಡದೆ ಆಯಾಸದಿಂದ ಸಾಯುವಂತೆ ಮಾಡಿದರು. ಬಳಿಕ ಪೈರಿನ ಕೀಟಗಳು ಹೆಚ್ಚಿದುವು. 1960ರಲ್ಲಿ ಗುಬ್ಬಚ್ಚಿಯ ಹೆಸರನ್ನು ಆ ಪಟ್ಟಿಯಿಂದ ತೆಗೆದು ತಿಗಣೆಯನ್ನು ಸೇರಿಸಿದರು. ಆ ವರ್ಷಗಳ ಕ್ಷಾಮಕ್ಕೆ ಬೇರೆ ದೊಡ್ಡ ಕಾರಣಗಳಿದ್ದುವಾದರೂ, ಗುಬ್ಬಚ್ಚಿಯನ್ನು ಕಳೆದುಕೊಂಡುದರಿಂದ ಹೊಲಕ್ಕೆ ಒಳಿತಾಗಲಿಲ್ಲ.

ಈಗಿನ ಸ್ಥಿತಿಯಾದರೂ ನಿಶ್ಚಿಂತವಾದುದಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದು ಒಪ್ಪಿಸಿದ ಸುಮಾರು ಮೂರು ಕೋಟಿ ನೋಟಗಳನ್ನು ಆಧಾರವಾಗಿಟ್ಟುಕೊಂಡು, ಭಾರತದ ಪಕ್ಷಿಗಳ ಸ್ಥಿತಿಯನ್ನು ಕುರಿತ ವರದಿಯು 2023ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದ 338 ಜಾತಿಗಳ ಪೈಕಿ 204 ಜಾತಿಗಳು ಇಳಿಮುಖವಾಗಿವೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವೂ ಇವುಗಳಲ್ಲಿ ಒಂದು. ಹೊಲದ ತಂತಿಯ ಮೇಲೆ ಕುಳಿತು ಮಿಡತೆಯನ್ನೂ ದುಂಬಿಯನ್ನೂ ಹಿಡಿಯುವ ಈ ಹಕ್ಕಿಯು ಕಾಡಿನದಲ್ಲ, ರೈತನ ನೆರೆಯದು. ಅದರ ಇಳಿತವನ್ನು ಪಟ್ಟಣದ ಉದ್ಯಾನದಲ್ಲಿ ನಿಂತು ಎಣಿಸಲಾಗದು. ಹೊಲದ ಬದುವಿನಲ್ಲಿ ಕುಳಿತವನೇ ಎಣಿಸಬೇಕು.

ಎರಡು ಆಕ್ಷೇಪಣೆಗಳು

ರೈತನಿಗೆ ಇದಕ್ಕೆಲ್ಲ ವೇಳೆಯೆಲ್ಲಿ ಎಂಬುದು ಮೊದಲನೆಯ ಆಕ್ಷೇಪಣೆ. ನಿಜವಾಗಿ ನೋಡಿದರೆ, ಹಕ್ಕಿಯನ್ನು ನೋಡುವುದಕ್ಕೆ ರೈತನಿಗಿರುವಷ್ಟು ಅವಕಾಶವು ಮತ್ತಾರಿಗೂ ಇಲ್ಲ. ಅಟ್ಟಣೆಯ ಮೇಲೆ ಕಾವಲು ಕೂರುವಾಗ, ನೀರು ಕಟ್ಟುವಾಗ, ದನ ಮೇಯಿಸುವಾಗ ಅವನ ಕಣ್ಣು ಬಿಡುವಾಗಿಯೇ ಇರುತ್ತದೆ. ಬೇಕಾದುದು ಹದಿನೈದು ನಿಮಿಷವೂ ಒಂದು ಪೆನ್ಸಿಲೂ ಮಾತ್ರ. ದುರ್ಬೀನೂ ಬೇಕಾಗಿಲ್ಲ, ಹೊಲದಲ್ಲಿ ಲಾಭ ನಷ್ಟಗಳನ್ನು ಮಾಡುವ ಹಕ್ಕಿಗಳು ಬರಿಗಣ್ಣಿಗೆ ಕಾಣುವಂತಹುವೇ.

ಹಕ್ಕಿಗಳಿಂದ ನಿಜವಾಗಿಯೂ ನಷ್ಟವಾಗುತ್ತಿರುವಾಗ ಅವುಗಳನ್ನು ಹೊಗಳುವುದು ಸರಿಯೇ ಎಂಬುದು ಎರಡನೆಯದು. ಇದು ತೂಕವುಳ್ಳ ಮಾತು. ಸೂರ್ಯಕಾಂತಿಯ ಹೊಲಕ್ಕೆ ಗಿಣಿಗಳ ಹಿಂಡು ಇಳಿದರೆ ಏನಾಗುವುದೆಂದು ಬೆಳೆದವನೇ ಬಲ್ಲ. ನವಿಲುಗಳ ಸಂಖ್ಯೆಯು ಹೆಚ್ಚಿದೆಯೆಂದು ಮೇಲೆ ಹೇಳಿದ ವರದಿಯೇ ಒಪ್ಪುತ್ತದೆ. ಮೊಳಕೆಯನ್ನೂ ಟೊಮ್ಯಾಟೊವನ್ನೂ ಕುಕ್ಕಿಹಾಕುವ ನವಿಲಿನ ಮುಂದೆ ರೈತನು ಕೈಕಟ್ಟಿ ನಿಲ್ಲಬೇಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧ. ವಿಷವಿಡುವುದು ಪಾಪವೂ ಹೌದು, ಅಪರಾಧವೂ ಹೌದು. ಆದರೆ ನಾಡಿನವರೆಲ್ಲರಿಗೂ ಸಂತೋಷವನ್ನು ಕೊಡುವ ಹಕ್ಕಿಯ ಊಟದ ಖರ್ಚನ್ನು ಒಬ್ಬ ಬಡ ರೈತನೇ ಹೊರಬೇಕೆಂಬುದು ನ್ಯಾಯವಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಮರದ ಕೆಳಗೆ ಗುಂಡಿ ತೋಡಿ ಅವುಗಳ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಹುಣಸೆಯ ಫಸಲು ಕೆಟ್ಟುದಕ್ಕೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರ ಕೊಟ್ಟುದೂ ಉಂಟು. ಜಮೆಯನ್ನೂ ಖರ್ಚನ್ನೂ ಒಟ್ಟಿಗೆ ನೋಡಿದರೆ ಮನುಷ್ಯನೂ ಹಕ್ಕಿಯೂ ಒಂದೇ ಊರಿನಲ್ಲಿ ಬಾಳಬಹುದೆಂಬುದಕ್ಕೆ ಇದು ನಿದರ್ಶನ.

ಈ ನ್ಯಾಯವನ್ನು ಕೇಳುವುದಕ್ಕೂ ರೈತನ ಕೈಯಲ್ಲಿ ಲೆಕ್ಕವಿರಬೇಕು. “ನವಿಲು ಬಹಳ ತಿನ್ನುತ್ತದೆ” ಎಂಬ ದೂರಿಗೆ ಯಾವ ಕಚೇರಿಯಲ್ಲಿಯೂ ಬೆಲೆಯಿಲ್ಲ. ಯಾವ ದಿನ, ಎಷ್ಟು ನವಿಲು, ಯಾವ ಬೆಳೆಯ ಎಷ್ಟು ಸಾಲು ಎಂದು ಬರೆದ ಪುಸ್ತಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಹಕ್ಕಿಯ ಪರವಾಗಿ ಸಾಕ್ಷಿ ಹೇಳುವ ಪುಸ್ತಕವೇ ರೈತನ ಪರವಾಗಿಯೂ ಸಾಕ್ಷಿ ಹೇಳುವುದು.

ಮಾಡಬೇಕಾದುದು

ಮೊದಲನೆಯದಾಗಿ, ಫೆಬ್ರವರಿಯ ಎಣಿಕೆಯ ದಿನಗಳಲ್ಲಿ ಹಳ್ಳಿಯ ಶಾಲೆಗಳ ಮಕ್ಕಳನ್ನು ಉಪಾಧ್ಯಾಯರು ಹೊಲದ ಬದುವಿಗೆ ಕರೆದೊಯ್ದು, ಊರಿನ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಬೇಕು. ಮಕ್ಕಳಿಗೆ ಬರೆಯಲು ಬರುತ್ತದೆ. ಹಿರಿಯರಿಗೆ ಹಕ್ಕಿಗಳ ಊರ ಹೆಸರುಗಳು ಬರುತ್ತವೆ. ಹೆಸರು ತಿಳಿಯದಿದ್ದಲ್ಲಿ, ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರ “ಹಕ್ಕಿ ಪುಕ್ಕ”ದಂತಹ ಕನ್ನಡ ಪುಸ್ತಕಗಳು ಸಹಾಯಕ್ಕಿವೆ.

ಎರಡನೆಯದಾಗಿ, ಎಣಿಕೆಯ ಪುಸ್ತಕದಲ್ಲಿ ಮೂರು ಅಂಕಣಗಳಿರಬೇಕು: ಯಾವುದು, ಎಷ್ಟು, ಏನು ತಿಂದಿತು. ಇಂತಹ ಹಾಳೆಗಳನ್ನು ಅಚ್ಚು ಹಾಕಿಸಿ ರೈತ ಸಂಪರ್ಕ ಕೇಂದ್ರಗಳಲ್ಲಿ ಹಂಚುವುದಕ್ಕೆ ಹೆಚ್ಚು ವೆಚ್ಚವಾಗದು. ಬೀಜದ ಚೀಲದ ಜೊತೆಗೆ ಒಂದು ಹಾಳೆಯು ಹೋದರೂ ಸಾಕು.

ಮೂರನೆಯದಾಗಿ, ಕೀಟನಾಶಕವನ್ನು ಸಿಂಪಡಿಸುವುದಕ್ಕೆ ಮುಂಚೆ ಬೆಳಗಿನ ಹೊತ್ತು ಹದಿನೈದು ನಿಮಿಷ ಹೊಲದಲ್ಲಿ ನಿಂತು ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಹಕ್ಕಿಗಳು ಹುಳುವನ್ನು ಆರಿಸುತ್ತಿದ್ದರೆ, ಸಿಂಪಡಿಕೆಯನ್ನು ಎರಡು ದಿನ ಮುಂದಕ್ಕೆ ಹಾಕಬಹುದೇ ಎಂದು ಕೃಷಿ ಅಧಿಕಾರಿಗಳನ್ನು ವಿಚಾರಿಸಬಹುದು. ಹುಳುವು ಮಿತಿಮೀರಿದ್ದರೆ ಸಿಂಪಡಿಸಲೇಬೇಕಾಗುವುದು. ಆದರೆ ನೋಡದೆ ಸಿಂಪಡಿಸಿದ ವಿಷದಲ್ಲಿ ಎಷ್ಟು ಅನಾವಶ್ಯಕವೆಂಬುದು ಸಾಲದ ಪತ್ರಕ್ಕೆ ಗೊತ್ತು.

ನಾಲ್ಕನೆಯದಾಗಿ, ಬೇಲಿಯನ್ನು ಪೂರ್ತಿಯಾಗಿ ಸವರಿ ತಂತಿ ಹಾಕುವವರು ಮೂಲೆಯಲ್ಲಿ ಒಂದೆರಡು ಹಳೆಯ ಮರಗಳನ್ನಾದರೂ ಪೊಟರೆಯ ಸಹಿತ ಉಳಿಸಬೇಕು. ಪೊಟರೆಯಿಲ್ಲದ ಊರಿನಲ್ಲಿ ಹಾಲಕ್ಕಿಗೂ ನೀಲಕಂಠಕ್ಕೂ ಮನೆಯಿಲ್ಲ.

ಆ ರೈತನು ಮರುದಿನ ಊರಿಗೆ ಹೊರಟಾಗ ಮೊಮ್ಮಗಳು ತನ್ನ ಪುಸ್ತಕದಿಂದ ಖಾಲಿ ಹಾಳೆಗಳನ್ನು ಹರಿದು, ಮೂರು ಅಂಕಣಗಳನ್ನು ಎಳೆದು ಕೊಟ್ಟಳು. ಅವನು ಅವುಗಳನ್ನು ಮಡಿಸಿ ಪಹಣಿ ಪತ್ರಗಳಿದ್ದ ಚೀಲದಲ್ಲಿ ಇಟ್ಟುಕೊಂಡನು. ಇಂತಹ ಹಾಳೆಯು ಮನೆಮನೆಯಲ್ಲಿಯೂ ಪಹಣಿಯ ಜೊತೆಗೆ ಸೇರಬೇಕು. ರೈತಬಾಂಧವರು ಬರುವ ಹಂಗಾಮಿನಿಂದಲೇ ತಮ್ಮ ಹೊಲದ ಹಕ್ಕಿಗಳ ಜಮಾಖರ್ಚನ್ನು ಬರೆಯಲು ಪ್ರಾರಂಭಿಸುವರೆಂದೂ, ಕಲ್ಲು ಬೀಸುವುದಕ್ಕೆ ಮುಂಚೆ ಆ ಪುಸ್ತಕವನ್ನು ಒಮ್ಮೆ ತೆರೆದು ನೋಡುವರೆಂದೂ ನಿರೀಕ್ಷಿಸಲಾಗಿದೆ.